ಕೋಳಿ ಕರುಳಿನ ಆ ಗಂಟುಗಳು ರೋಗವಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆ ಹಿಂದೆ ಮೂವತ್ತು ಗಿರಿರಾಜ ಮರಿ, ಜೊತೆಗೆ ನಾಲ್ಕೈದು ನಾಟಿ ಹೇಂಟೆ ಸಾಕಿದ್ದೇವೆ. ಈ ಮಳೆಗಾಲದಲ್ಲಿ ಐದಾರು ವಾರದ ಮರಿಗಳು ರಕ್ತಭೇದಿ ಹತ್ತಿ ಒಂದೊಂದಾಗಿ ಸತ್ತವು. ಒಂದನ್ನು ಕೊಯ್ದು ನೋಡಿದೆವು. ಕರುಳು ಕವಲೊಡೆಯುವ ಜಾಗದಲ್ಲಿ ಎರಡೂ ಕಡೆ ಊದಿದ ಗಂಟು, ಗುದದ ಮೇಲ್ಗಡೆ ದ್ರಾಕ್ಷಿಯಷ್ಟು ದಪ್ಪದ ಒಂದು ಚೀಲ ಇತ್ತು. ಹಬ್ಬಕ್ಕೆ ಕೊಯ್ದ ಹಳೇ ಹೇಂಟೆಯಲ್ಲಿ ಗಂಟು ಇತ್ತು, ಚೀಲ ಇರಲಿಲ್ಲ. ಇವು ರೋಗದ ಗಂಟುಗಳಾ? ಅಂಥ ಕೋಳಿ ತಿನ್ನಬಹುದಾ? ಇನ್ನೊಂದು. ಹೋದ ವರ್ಷ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ನೀರಿಗೆ ಹಾಕಿ ಕುಡಿಸಿದ್ದೆವು. ಆದರೂ ಅರ್ಧಕ್ಕರ್ಧ ಕೋಳಿ ಹೋದವು. ಕುಡಿಸಿದ ಲಸಿಕೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುವುದಿಲ್ವಾ?

ಉತ್ತರ: ಮೊದಲು ತಿನ್ನುವ ವಿಷಯ ಮುಗಿಸಿಬಿಡೋಣ. ಹಬ್ಬದ ಹೇಂಟೆಯಲ್ಲಿ ನೀವು ಕಂಡ ಗಂಟು ಆರೋಗ್ಯವಂತ ಕೋಳಿಯಲ್ಲೂ ಇರುವಂಥದ್ದು. ಓಡಾಡಿಕೊಂಡಿದ್ದ ಕೋಳಿಯಾದರೆ ಕಡುಬಿನ ಜೊತೆ ಧಾರಾಳವಾಗಿ ಸಾರು ಮಾಡಿಕೊಳ್ಳಿ. ಕಾಯಿಲೆ ಬಿದ್ದು ಸತ್ತ ಮರಿಯನ್ನು ಮಾತ್ರ ತಿನ್ನಬೇಡಿ, ನಾಯಿಗೂ ಹಾಕಬೇಡಿ, ಹಳ್ಳಕ್ಕೂ ಎಸೆಯಬೇಡಿ. ಆಳದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ.

ಈಗ ಗಂಟಿಗೆ ಬರೋಣ. ನಮ್ಮ ಕಾಲಿನಲ್ಲಿ ಹುಣ್ಣಾದರೆ ತೊಡೆಸಂದಿಯಲ್ಲಿ ಗಂಟು ಏಳುತ್ತದೆ ಅಲ್ವಾ? ಅದು ರೋಗಾಣುಗಳನ್ನು ತಡೆಯುವ ಗ್ರಂಥಿ. ದನ, ನಾಯಿ, ಬೆಕ್ಕಿಗೂ ಅಂಥ ಗ್ರಂಥಿಗಳಿವೆ. ಕೋಳಿಗೆ ಇಲ್ಲ. ಹಾಗಂತ ಕೋಳಿಯ ಮೈಗೆ ಕಾವಲೇ ಇಲ್ಲ ಅಂತಲ್ಲ. ಅದರ ಕಾವಲಿನ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಹರಡಿಕೊಂಡಿದೆ. ಕೋಳಿ ದಿನವಿಡೀ ನೆಲ ಕೆದರಿ, ಸಗಣಿ ಕೆದರಿ, ಹುಳ ಹೆಕ್ಕಿ ತಿನ್ನುವ ಪ್ರಾಣಿ. ರೋಗಾಣು ಒಳಗೆ ಹೋಗುವ ಹೆದ್ದಾರಿ ಅದರ ಬಾಯಿಯೇ. ಕಾವಲೂ ಅದೇ ದಾರಿಯುದ್ದಕ್ಕೂ ಕೂತಿದೆ.

ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಕಾವಲು ಇದೆ. ಗಟ್ಟಿ ಹೊಟ್ಟೆ ದಾಟಿ ಸಣ್ಣ ಕರುಳು ಶುರುವಾಗುವ ಕಡೆ ಇನ್ನೊಂದು. ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ದಪ್ಪನೆಯ ಮಚ್ಚೆಗಳಿರುತ್ತವೆ. ಅವನ್ನು ಪೇಯರ್ ಮಚ್ಚೆ ಅನ್ನುತ್ತಾರೆ, ಬರಿಗಣ್ಣಿಗೆ ಗುರುತು ಹತ್ತುವುದು ಕಷ್ಟ. ಕರುಳಿನ ನಡುಭಾಗದಲ್ಲಿ ಒಂದು ಪುಟ್ಟ ಮೊನೆ ಹೊರಗೆ ಚಾಚಿಕೊಂಡಿರುತ್ತದೆ. ಮೊಟ್ಟೆಯೊಳಗಿದ್ದಾಗ ಹಳದಿಯ ಚೀಲ ಮರಿಯ ಕರುಳಿಗೆ ಅಂಟಿಕೊಂಡಿದ್ದ ಜಾಗ ಅದು. ಮರಿ ಹೊರಬಂದು ಹಳದಿ ಕರಗಿ ಮುಗಿದ ಮೇಲೆ ಆ ಮೊನೆ ಹಾಳು ಬೀಳುವುದಿಲ್ಲ, ಕಾವಲು ಕಣಗಳು ಅಲ್ಲಿ ಮನೆ ಮಾಡಿಕೊಳ್ಳುತ್ತವೆ.

ನೀವು ನೋಡಿದ ಜೋಡಿ ಗಂಟು ಇವೆಲ್ಲಕ್ಕಿಂತ ದೊಡ್ಡದು. ಕೋಳಿಯ ಸಣ್ಣ ಕರುಳು ಮುಗಿಯುವಲ್ಲಿ ಎರಡು ಉದ್ದನೆಯ ಕರುಳು ಕವಲೊಡೆಯುತ್ತವೆ. ಎರಡಕ್ಕೂ ತುದಿ ಮುಚ್ಚಿರುತ್ತದೆ. ಅದಕ್ಕೇ ಕುರುಡುಕರುಳು ಅನ್ನೋಣ. ಅವುಗಳ ಬುಡದಲ್ಲಿ, ಬಲಕ್ಕೊಂದು ಎಡಕ್ಕೊಂದು, ಗೋಡೆ ದಪ್ಪಗಾಗಿರುತ್ತದೆ. ಇವು ಸೀಕಲ್ ಟಾನ್ಸಿಲ್‌ಗಳು. ಕರುಳಿನಲ್ಲಿ ಬರುವ ಮಾಲೆಲ್ಲ ಇಲ್ಲಿ ಹಾದೇ ಮುಂದೆ ಹೋಗಬೇಕು. ಆಗುಂಬೆ ಘಾಟಿ ಇಳಿಯುವ ಗಾಡಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ನೋಡುವ ಹಾಗೆ, ಇಲ್ಲಿನ ಕಣಗಳು ಹಾದುಹೋಗುವುದರಲ್ಲಿ ಒಂದಿಷ್ಟನ್ನು ಒಳಗೆಳೆದು ಪರೀಕ್ಷೆ ಮಾಡುತ್ತವೆ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಯಲ್ಲಿ ಈ ಗಂಟು ಕಾಣುವುದೇ ಇಲ್ಲ. ತಿಂದು, ಕುಡಿದು, ಮಣ್ಣು ಕೆದರಿ, ಕರುಳಿಗೆ ಸೂಕ್ಷ್ಮಜೀವಿಗಳು ಬಂದು ಸೇರಿದ ಹಾಗೆಲ್ಲ ಬೆಳೆಯುತ್ತದೆ. ನಿಮ್ಮ ಹಳೇ ಹೇಂಟೆಯಲ್ಲಿ ಅದು ಚೆನ್ನಾಗಿ ಕಂಡಿದ್ದು ಅದಕ್ಕೇ.

ಹಾಗಾದರೆ ರೋಗ ಬಂದರೆ ಇಲ್ಲಿ ಗೊತ್ತಾಗುವುದಿಲ್ವಾ? ಗೊತ್ತಾಗುತ್ತದೆ. ಕೊಕ್ಕರೆ ರೋಗದ ಜೋರಾದ ತಳಿ ಬಡಿದರೆ ಈ ಟಾನ್ಸಿಲ್‌ಗಳು ಊದಿ, ರಕ್ತ ಒಸರಿ, ಕಡುಗೆಂಪಾಗುತ್ತವೆ. ಒಳಗೆ ಹುಣ್ಣೂ ಆಗಿರುತ್ತದೆ. ಸತ್ತ ಕೋಳಿಯನ್ನು ಕೊಯ್ದ ಪಶುವೈದ್ಯರು ಮೊದಲು ಕತ್ತರಿ ಇಡುವ ಜಾಗಗಳಲ್ಲಿ ಇದೂ ಒಂದು. ಗಟ್ಟಿ ಹೊಟ್ಟೆಗೆ ಮುಂಚೆ ಇರುವ ಮೆತ್ತನೆಯ ಹೊಟ್ಟೆಯ ಒಳಗೋಡೆಯಲ್ಲೂ ರಕ್ತದ ಚುಕ್ಕೆಗಳಿವೆಯಾ ಅಂತ ನೋಡುತ್ತಾರೆ. ಗಂಟು ಬೂದು-ಗುಲಾಬಿ ಬಣ್ಣದಲ್ಲಿ, ಮೆತ್ತಗೆ, ಎರಡೂ ಕಡೆ ಒಂದೇ ಥರ ಇದ್ದರೆ ಚಿಂತೆ ಬೇಡ. ರಕ್ತ ಕಂಡರೆ ಮಾತ್ರ ಯೋಚಿಸಿ.

ಈಗ ಗುದದ ಮೇಲಿನ ಚೀಲ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಾಲು ಅದು. ಮರಿಯಲ್ಲಿ ಇದೆ, ಹೇಂಟೆಯಲ್ಲಿ ಇಲ್ಲ ಅನ್ನುವುದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಇದರ ಹೆಸರು ಫ್ಯಾಬ್ರಿಸಿಯಸ್ ಬರ್ಸಾ. ಇಟಲಿಯ ಪಡುವಾದಲ್ಲಿ ಪಾಠ ಮಾಡುತ್ತಿದ್ದ ಫ್ಯಾಬ್ರಿಸಿಯಸ್ ಎಂಬ ಅಂಗರಚನಾ ಪಂಡಿತರು ಇದನ್ನು ಬರೆದಿಟ್ಟರು. ಅವರು ತೀರಿಕೊಂಡ ಮೇಲೆ, 1621ರಲ್ಲಿ ಅದು ಅಚ್ಚಾಯಿತು. ಆದರೆ ಇದು ಏನು ಕೆಲಸ ಮಾಡುತ್ತದೆ ಅಂತ ಮುಂದೆ ಮುನ್ನೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದೂ ಒಂಥರಾ ಆಕಸ್ಮಿಕ. 1950ರ ದಶಕದಲ್ಲಿ ಅಮೆರಿಕದ ಓಹಾಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಎಳೆಯ ಮರಿಗಳ ಬರ್ಸಾ ತೆಗೆದು ಏನಾಗುತ್ತದೆ ಅಂತ ನೋಡುತ್ತಿದ್ದರು. ವಿಶೇಷ ಏನೂ ಕಾಣಲಿಲ್ಲ. ಅವರ ಜೊತೆಗಾರ ತಿಮೋಥಿ ಚಾಂಗ್‌ಗೆ ಪಾಠದಲ್ಲಿ ತೋರಿಸಲು ಕೋಳಿ ಬೇಕಿತ್ತು. ಗ್ಲಿಕ್ ಹತ್ತಿರ ಇದ್ದ ಕೋಳಿಗಳನ್ನೇ ತಂದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಅಂಶ ಚುಚ್ಚಿದರು. ಕೆಲವು ಸತ್ತವು. ಉಳಿದ ಕೆಲವಕ್ಕೆ ರಕ್ತದಲ್ಲಿ ರೋಗ ನಿರೋಧಕ, ಅಂದರೆ ರೋಗಾಣುವನ್ನು ಹಿಡಿದು ತಡೆಯುವ ವಸ್ತು, ಬರಲೇ ಇಲ್ಲ. ಪಟ್ಟಿ ತೆಗೆದು ನೋಡಿದರೆ ಅವೆಲ್ಲ ಬರ್ಸಾ ತೆಗೆದ ಕೋಳಿಗಳು! ದೊಡ್ಡ ವಿಜ್ಞಾನ ಪತ್ರಿಕೆಯೊಂದು ಆ ಲೇಖನವನ್ನು ವಾಪಸ್ ಕಳಿಸಿತು. ಕೊನೆಗೆ 1956ರಲ್ಲಿ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಬಂತು. ಇವತ್ತು ಮನುಷ್ಯರ ವೈದ್ಯಶಾಸ್ತ್ರದಲ್ಲೂ ನಿರೋಧಕ ತಯಾರಿಸುವ ಕಣಕ್ಕೆ ಬಿ ಕಣ ಅನ್ನುವುದು ಈ ಬರ್ಸಾದಿಂದಲೇ.

ಚೀಲವನ್ನು ಕೊಯ್ದು ಬಿಡಿಸಿದರೆ ಒಳಗೆ ಉದ್ದುದ್ದ ಮಡಿಕೆಗಳು ಕಾಣುತ್ತವೆ. ಆ ಮಡಿಕೆಗಳಲ್ಲಿ ಸುಮಾರು 10,000 ಸಣ್ಣ ಕೋಣೆಗಳಿರುತ್ತವೆ. ಮರಿ ಮೊಟ್ಟೆಯೊಳಗಿದ್ದಾಗಲೇ ಎಳೆಯ ಬಿ ಕಣಗಳು ಇಲ್ಲಿಗೆ ಬಂದು ಸೇರಿ, ಪಳಗಿ, ಬೇರೆ ಬೇರೆ ರೋಗಾಣುಗಳನ್ನು ಗುರುತು ಹಿಡಿಯಲು ತಯಾರಾಗುತ್ತವೆ. ಪಾಸಾಗದ ಕಣಗಳು ಅಲ್ಲೇ ಸಾಯುತ್ತವೆ, ಹಾಗೆ ಸಾಯುವವೇ ಜಾಸ್ತಿ. ಪಾಸಾದವು ರಕ್ತದಲ್ಲಿ ಹೊರಟು ಗುಲ್ಮಕ್ಕೆ, ಸೀಕಲ್ ಟಾನ್ಸಿಲ್‌ಗೆ, ಕಣ್ಣಿನ ಹಿಂದಿನ ಗ್ರಂಥಿಗೆ ಹೋಗಿ ಸೇರುತ್ತವೆ. ಚೀಲದ ಬಾಯಿ ಗುದದ ಕಡೆಗೆ ತೆರೆದಿರುವುದರಿಂದ ಅಲ್ಲಿಂದಲೂ ಒಂದಿಷ್ಟು ಹೊರಗಿನ ಸರಕು ಒಳಗೆ ಹೋಗುತ್ತದೆ. ಕೋಳಿ ಬಲಿತು ಮೊಟ್ಟೆ ಇಡುವ ವಯಸ್ಸಿಗೆ ಬರುವಷ್ಟರಲ್ಲಿ ಈ ಚೀಲದ ಕೆಲಸ ಮುಗಿದಿರುತ್ತದೆ. ಅದು ಕುಗ್ಗಿ ಕುಗ್ಗಿ ಕಾಣದಂತಾಗುತ್ತದೆ. ನಿಮ್ಮ ಹೇಂಟೆಯಲ್ಲಿ ಇಲ್ಲದ್ದು ಸರಿಯಾಗಿಯೇ ಇದೆ. ವಯಸ್ಸಾದ ಕೋಳಿಯಲ್ಲಿ ಇದೇ ಜಾಗದಲ್ಲಿ ಗಡ್ಡೆ ಗಡ್ಡೆಯಾಗಿ ಬೆಳೆದಿದ್ದರೆ ಅದು ಬೇರೆ ಕಥೆ. ಲ್ಯುಕೋಸಿಸ್ ಎಂಬ ಗಡ್ಡೆ ರೋಗ ಇರಬಹುದು.

ಇಷ್ಟು ಗೊತ್ತಾದರೆ ಹೋದ ವರ್ಷ ಲಸಿಕೆ ಯಾಕೆ ಕೈಕೊಟ್ಟಿತು ಅನ್ನುವುದಕ್ಕೆ ದಾರಿ ಸಿಗುತ್ತದೆ. ಲಸಿಕೆ ತಾನಾಗಿ ಯಾವ ಕೋಳಿಯನ್ನೂ ಕಾಪಾಡುವುದಿಲ್ಲ. ಕೋಳಿಯ ಕಾವಲಿಗೆ ಶತ್ರುವಿನ ಗುರುತು ತೋರಿಸುತ್ತದೆ, ಅಷ್ಟೇ. ಕಾವಲೇ ಹಾಳಾಗಿದ್ದರೆ ಗುರುತು ತೋರಿಸಿ ಏನು ಪ್ರಯೋಜನ? ಆ ಕಾವಲು ಹಾಳಾಗುವುದು ಮೊದಲ ಆರು ವಾರಗಳಲ್ಲಿ. ನನ್ನ ಪ್ರಕಾರ ನೀವು ಹುಡುಕಬೇಕಾದ್ದು ಅಲ್ಲಿ.

ಮೊದಲ ಅನುಮಾನ ಗುಂಬೊರೊ ರೋಗದ ಮೇಲೆ. ಅಮೆರಿಕದ ಡೆಲಾವೇರ್ ರಾಜ್ಯದ ಗುಂಬೊರೊ ಎಂಬ ಊರಿನ ಸುತ್ತ ಕಂಡಿದ್ದಕ್ಕೆ ಆ ಹೆಸರು ಬಂತು. 1962ರಲ್ಲಿ ಅದರ ಬಗ್ಗೆ ಮೊದಲು ಬರೆದರು. ಈ ವೈರಸ್ ನೇರವಾಗಿ ಬರ್ಸಾಕ್ಕೇ ಹೋಗಿ ಅಲ್ಲಿನ ಬಿ ಕಣಗಳನ್ನೇ ಕೊಲ್ಲುತ್ತದೆ. ಮೂರರಿಂದ ಆರು ವಾರದ ಮರಿಗೆ ಬಂದರೆ ಕಾಯಿಲೆ ಕಣ್ಣಿಗೆ ಕಾಣುತ್ತದೆ. ಮರಿಗಳು ಮುದುಡಿ ಕೂರುತ್ತವೆ, ಬಿಳಿ ನೀರುಭೇದಿ ಆಗುತ್ತದೆ, ತಮ್ಮ ಗುದವನ್ನೇ ಕುಕ್ಕಿಕೊಳ್ಳುತ್ತವೆ. ಆಗ ಕೊಯ್ದರೆ ಬರ್ಸಾ ಎರಡು ಪಟ್ಟು ಊದಿ, ಸುತ್ತ ಹಳದಿ ಲೋಳೆ ಕಟ್ಟಿರುತ್ತದೆ. ಕೆಲವು ಸಲ ಒಳಗೆಲ್ಲ ರಕ್ತ. ತೊಡೆಯ ಮಾಂಸದಲ್ಲಿ ರಕ್ತದ ಗೆರೆಗಳು. ವಾರ ಕಳೆದ ಮೇಲೆ ಕೊಯ್ದರೆ ಅದೇ ಚೀಲ ಸೊರಗಿ ಚಿಕ್ಕದಾಗಿರುತ್ತದೆ.

ಮೂರು ವಾರಕ್ಕಿಂತ ಎಳೆಯ ಮರಿಗೆ ಬಂದರೆ ಇನ್ನೂ ಮೋಸ. ಹೊರಗೆ ಏನೂ ಕಾಣುವುದಿಲ್ಲ, ಮರಿ ಸಾಯುವುದೂ ಇಲ್ಲ. ಆದರೆ ಪಳಗಿದ ಕಣಗಳು ಮೈಯೆಲ್ಲ ಹರಡುವ ಮೊದಲೇ ಅವುಗಳ ತವರು ಸುಟ್ಟುಹೋಗಿರುತ್ತದೆ. ಅಂಥ ಮರಿ ಮೇಲ್ನೋಟಕ್ಕೆ ಚೆನ್ನಾಗಿಯೇ ಬೆಳೆಯುತ್ತದೆ. ಆಮೇಲೆ ಕೊಕ್ಕರೆ ರೋಗದ ಲಸಿಕೆ ಕುಡಿಸಿದರೆ ಕುಡಿಯುತ್ತದೆ, ಆದರೆ ನಿರೋಧಕ ಸರಿಯಾಗಿ ಹುಟ್ಟುವುದಿಲ್ಲ. ರೋಗ ಬಂದಾಗ ಲಸಿಕೆ ಕಂಡ ಕೋಳಿಯೂ ಸಾಯುತ್ತದೆ. ನಾವು ಲಸಿಕೆಯನ್ನು ಬೈಯುತ್ತೇವೆ.

ಗುಂಬೊರೊ ವೈರಸ್ ಬಹಳ ಗಟ್ಟಿ. ಸತ್ತ ಮರಿ ಹೋದ ಮೇಲೂ ಗೂಡಿನ ನೆಲದಲ್ಲಿ, ಹಾಸಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಳೇ ಹಾಸಿನ ಮೇಲೆಯೇ ಹೊಸ ಮರಿ ಬಿಡುವುದು ನಮ್ಮ ಕಡೆ ಸಾಮಾನ್ಯ. ಅದನ್ನು ನಿಲ್ಲಿಸಿ. ಹಾಸನ್ನು ಪೂರ್ತಿ ತೆಗೆದು ದೂರದ ಗೊಬ್ಬರದ ಗುಂಡಿಗೆ ಹಾಕಿ, ನೆಲ ತೊಳೆದು, ಸುಣ್ಣ ಬಳಿದು, ಒಣಗಲು ಬಿಡಿ. ಗುಂಬೊರೊಗೆ ಲಸಿಕೆ ಇದೆ. ಸಾಮಾನ್ಯವಾಗಿ ಎರಡನೇ ವಾರದ ಕೊನೆಗೆ ಹಾಕುತ್ತಾರೆ. ತೀರಾ ಮುಂಚೆ ಹಾಕಿದರೆ ತಾಯಿಯಿಂದ ಮೊಟ್ಟೆಯ ಹಳದಿಯ ಮೂಲಕ ಬಂದ ನಿರೋಧಕವೇ ಲಸಿಕೆಯನ್ನು ಕೊಂದುಬಿಡುತ್ತದೆ. ತೀರಾ ತಡವಾದರೆ ರೋಗವೇ ಮುಂದಾಗುತ್ತದೆ. ಮರಿ ತಂದ ಕಡೆ ತಾಯಿಕೋಳಿಗೆ ಏನು ಹಾಕಿದ್ದಾರೆ ಅಂತ ಕೇಳಿಕೊಂಡು, ದಿನವನ್ನು ನಿಮ್ಮ ಪಶುವೈದ್ಯರ ಹತ್ತಿರ ನಿಗದಿ ಮಾಡಿಸಿ.

ಎರಡನೆಯದು ಮೆಕ್ಕೆಜೋಳ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ನನಗೆ ಬೇಜಾರಾಗುವುದು ಇಲ್ಲೇ. ಶಿಕಾರಿಪುರ, ಶಿವಮೊಗ್ಗದ ಕಡೆ ಜೋಳದ ಸುಗ್ಗಿಯಲ್ಲಿ ರಸ್ತೆ ತುಂಬ ಜೋಳ ಹರವಿರುತ್ತಾರೆ. ಒಂದು ಹಿಂಗಾರು ಮಳೆ ಬಂತೆಂದರೆ ಅರ್ಧ ಒಣಗಿದ್ದನ್ನೇ ಚೀಲಕ್ಕೆ ತುಂಬುತ್ತಾರೆ. ಅದು ಘಟ್ಟದ ಮೇಲಿನ ನಮ್ಮ ತೇವದ ಮನೆಗಳಿಗೆ ಬಂದರೆ ಬೂಷ್ಟು ಹಿಡಿಯದೆ ಇರುತ್ತದಾ? ಮನುಷ್ಯರಿಗೆ ಬೇಡ ಅಂತ ಬಿಟ್ಟ ಆ ಜೋಳ ಕೋಳಿಗೆ ಹೋಗುತ್ತದೆ. ಆ ಬೂಷ್ಟಿನ ಒಂದು ಜಾತಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಡಲೆಕಾಯಿ ಹಿಂಡಿ ತಿಂದು ಸತ್ತಾಗ ಈ ವಿಷ ಗೊತ್ತಾಯಿತು. ಜಾಸ್ತಿ ಹೊಟ್ಟೆಗೆ ಹೋದರೆ ಯಕೃತ್ತು ಹಾಳಾಗಿ ಕೋಳಿ ಸಾಯುತ್ತದೆ. ಸ್ವಲ್ಪಸ್ವಲ್ಪವೇ ಹೋದರೆ ಬರ್ಸಾ ಸೊರಗುತ್ತದೆ, ಲಸಿಕೆ ಹಿಡಿಯುವುದಿಲ್ಲ. ಬಿಸಿಲಿಗೆ ಹಾಕಿದರೆ, ಹುರಿದರೆ ಬೂಷ್ಟು ಸಾಯಬಹುದು, ವಿಷ ಹೋಗುವುದಿಲ್ಲ. ಕಾಳಿನ ಮೇಲೆ ಹಸಿರು ಪುಡಿ ಕಂಡರೆ, ಮುಗ್ಗಲು ವಾಸನೆ ಬಂದರೆ ಗೊಬ್ಬರಕ್ಕೆ ಹಾಕಿ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದ ಜೋಳ ಕೊನೆಗೆ ದುಬಾರಿಯಾಗುತ್ತದೆ.

ಮೂರನೆಯದು ಈ ಸಲ ನಿಮ್ಮ ಮರಿಗಳನ್ನು ಕೊಂದ ರಕ್ತಭೇದಿ. ಐದಾರು ವಾರದ ವಯಸ್ಸು, ಮಳೆಗಾಲ, ರಕ್ತ. ಇದು ಕಾಕ್ಸಿಡಿಯೋಸಿಸ್ ಇರುವ ಸಾಧ್ಯತೆಯೇ ಜಾಸ್ತಿ. ಇದಕ್ಕೆ ಕಾರಣ ಐಮೇರಿಯಾ ಎಂಬ ಏಕಕೋಶ ಜೀವಿ. ಅದರಲ್ಲಿ ಟೆನೆಲ್ಲಾ ಎಂಬ ಜಾತಿ ಕುರುಡುಕರುಳಿನಲ್ಲೇ ಮನೆ ಮಾಡುತ್ತದೆ. ಕೊಯ್ದಾಗ ಆ ಎರಡು ಕರುಳು ಊದಿ, ಒಳಗೆ ರಕ್ತ ತುಂಬಿಕೊಂಡು ಕಪ್ಪಗೆ ಕಂಡಿದ್ದರೆ ಅದೇ.

ಒಂದು ಮಾತು ಇಲ್ಲೇ ಹೇಳಬೇಕು. ಕುರುಡುಕರುಳು ದಿನಕ್ಕೆ ಕೆಲವು ಸಲ ತನ್ನದೇ ಹಿಕ್ಕೆ ಹಾಕುತ್ತದೆ. ಅದು ಕಂದು ಬಣ್ಣ, ಅಂಟಂಟು, ಮುದ್ದೆಯಂತೆ, ಮೂಗು ಮುಚ್ಚಿಕೊಳ್ಳುವ ವಾಸನೆ. ಮಾಮೂಲಿ ಹಿಕ್ಕೆಯ ಮೇಲೆ ಇರುವ ಬಿಳಿ ಟೊಪ್ಪಿ ಇದಕ್ಕೆ ಇರುವುದಿಲ್ಲ. ಇದು ಆರೋಗ್ಯದ ಲಕ್ಷಣ. ಇದನ್ನೇ ಭೇದಿ ಅಂದುಕೊಂಡು ಸುಮ್ನೆ ಔಷಧಿ ಕುಡಿಸುವವರಿದ್ದಾರೆ. ಅನುಮಾನ ಬಂದರೆ ಒಂದು ಬಿಳಿ ಕಾಗದದ ಮೇಲೆ ಉಜ್ಜಿ ನೋಡಿ. ಬರೀ ಕಂದು ಗೆರೆ ಎಳೆದರೆ ಬಿಟ್ಟುಬಿಡಿ. ಕೆಂಪು ಹರಡಿದರೆ, ಮರಿ ರೆಕ್ಕೆ ಇಳಿಬಿಟ್ಟು ಬೆಚ್ಚಗೆ ಕೂರಲು ನೋಡುತ್ತಿದ್ದರೆ, ಜುಟ್ಟು ಬಿಳಚಿದ್ದರೆ ಆವತ್ತೇ ಔಷಧಿ ಶುರುವಾಗಬೇಕು.

ಐಮೇರಿಯಾದ ಮೊಟ್ಟೆಯಂಥ ಕಣ ಹಿಕ್ಕೆಯಲ್ಲಿ ಹೊರಬಿದ್ದ ತಕ್ಷಣ ರೋಗ ತರುವುದಿಲ್ಲ. ಅದಕ್ಕೆ ತೇವ, ಬೆಚ್ಚನೆಯ ಹವೆ ಮತ್ತು ಒಂದೆರಡು ದಿನ ಬೇಕು. ಹಾಸು ಒಣಗಿದ್ದರೆ ಅದು ಮಾಗುವುದು ಕಷ್ಟ. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಪಕ್ಕದಲ್ಲಿರುವ ನಿಮಗೆ ಒಣ ಹಾಸು ಎಲ್ಲಿಂದ ಬರಬೇಕು ಹೇಳಿ! ಆದರೂ ಗಮನಿಸಿ. ಗೂಡು ಪೂರ್ತಿ ಒದ್ದೆಯಾಗಿರುವುದಿಲ್ಲ. ನೀರಿನ ಬಟ್ಟಲಿನ ಸುತ್ತ ಒಂದು ಮಾರು, ಇರಿಚಲು ಹೊಡೆಯುವ ಮೂಲೆ, ಇಷ್ಟೇ ಇರುತ್ತದೆ. ಬಟ್ಟಲನ್ನು ಇಟ್ಟಿಗೆ ಮೇಲೆ ಮರಿಯ ಬೆನ್ನಿನ ಎತ್ತರಕ್ಕೆ ಇಡಿ, ಚೆಲ್ಲುವುದು ಅರ್ಧ ಕಡಿಮೆಯಾಗುತ್ತದೆ. ಒದ್ದೆಯಾದ ಹಾಸನ್ನು ಮೊರದಲ್ಲಿ ಎತ್ತಿ ಹೊರಗೆ ಹಾಕಿ ಹೊಸ ಉಮಿ ಸುರಿಯಿರಿ. ಉಳಿದದ್ದನ್ನು ದಿನಾ ಕೆದರಿ. ಅಡಿಕೆ ಸಿಪ್ಪೆ ಹಾಸುವವರು ಚೆನ್ನಾಗಿ ಒಣಗಿದ್ದನ್ನೇ ಹಾಸಬೇಕು. ನೆನೆದ ಸಿಪ್ಪೆಗೆ ಬೂಷ್ಟು ಬಂದರೆ ಮರಿಯ ಶ್ವಾಸಕೋಶಕ್ಕೆ ಕುತ್ತು.

ಔಷಧಿಯಲ್ಲಿ ಹೆಚ್ಚಾಗಿ ಕೊಡುವುದು ಆಂಪ್ರೋಲಿಯಂ. ಪ್ರಮಾಣ ಪಶುವೈದ್ಯರು ಹೇಳಿದಷ್ಟೇ ಹಾಕಿ. ಇದು ಬಿ1 ವಿಟಮಿನ್‌ನ ವೇಷ ಹಾಕಿ ಐಮೇರಿಯಾವನ್ನು ಉಪವಾಸ ಕೆಡಹುತ್ತದೆ. ಹಾಗಾಗಿ ಅದೇ ದಿನಗಳಲ್ಲಿ ಮರಿ ಸೊರಗಿದೆ ಅಂತ ಬಿ ಕಾಂಪ್ಲೆಕ್ಸ್ ಟಾನಿಕ್ ಕೊಟ್ಟರೆ ಔಷಧಿಯ ಕೆಲಸ ಕೆಟ್ಟಂತೆ. ಟಾನಿಕ್ ಆಮೇಲೆ ಕೊಡಿ.

ರಕ್ತಭೇದಿಯಿಂದ ಬದುಕುಳಿದ ಮರಿಗೆ ಅದೇ ಜಾತಿಯ ಐಮೇರಿಯಾ ಮತ್ತೆ ಅಷ್ಟು ಕಾಡುವುದಿಲ್ಲ. ಇಲ್ಲಿ ಕಾಯುವುದು ರಕ್ತದ ನಿರೋಧಕಕ್ಕಿಂತ ಹೆಚ್ಚಾಗಿ ಕರುಳಿನ ಗೋಡೆಯಲ್ಲಿರುವ ಟಿ ಕಣ ಎಂಬ ಇನ್ನೊಂದು ಬಗೆಯ ಕಾವಲು ಕಣಗಳು. ದಿನಾ ಚೂರುಚೂರು ರೋಗಾಣು ಒಳಗೆ ಹೋಗಿ ಈ ಕಾವಲು ಬಲಿಯುತ್ತದೆ. ನಾಟಿ ಹೇಂಟೆಯ ಹಿಂದೆ ಅಂಗಳ ಸುತ್ತಿ ಬೆಳೆದ ಮರಿಗೆ ಇದು ಸುಲಭವಾಗಿ ಆಗುತ್ತದೆ. ಒದ್ದೆ ಗೂಡಲ್ಲಿ ಒತ್ತಾಗಿ ತುಂಬಿದ ಮರಿಗೆ ಚೂರುಚೂರು ಹೋಗಬೇಕಾದ್ದು ಒಟ್ಟಿಗೇ ಹೋಗುತ್ತದೆ.

ಹೇಂಟೆಯ ಮಾತು ಬಂದಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ತಾಯಿಯ ಜೊತೆ ಬೆಳೆದ ಮರಿಗೆ ಅದರ ಹಿಕ್ಕೆ ಕುಕ್ಕಿಯೇ ಒಳ್ಳೆಯ ಸೂಕ್ಷ್ಮಜೀವಿಗಳು ಬರುತ್ತವೆ. ಫಿನ್ಲೆಂಡಿನ ನೂರ್ಮಿ ಮತ್ತು ರಾಂತಲ 1973ರಲ್ಲಿ ಇದನ್ನೇ ಪ್ರಯೋಗದಲ್ಲಿ ತೋರಿಸಿದರು. ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಎಳೆಯ ಮರಿಗೆ ಕುಡಿಸಿದರೆ ಸಾಲ್ಮೊನೆಲ್ಲಾ ಅಷ್ಟು ಸುಲಭವಾಗಿ ಬೇರೂರುವುದಿಲ್ಲ. ಹಾಗಂತ ನೀವು ಪೆಟ್ಟಿಗೆಯಲ್ಲಿ ತಂದ ಗಿರಿರಾಜ ಮರಿಗಳನ್ನು ನೇರ ನಾಟಿ ಕೋಳಿಗಳ ಜೊತೆ ಬಿಡಬೇಡಿ. ಆ ಕೋಳಿಗಳು ಒಳ್ಳೆಯದರ ಜೊತೆ ರೋಗವನ್ನೂ ಹಂಚುತ್ತವೆ. ಮಜ್ಜಿಗೆ ಕುಡಿಸಿದರೆ ತಪ್ಪಿಲ್ಲ, ಆದರೆ ಅದು ಲಸಿಕೆಗೆ ಬದಲಿ ಅಲ್ಲ. ಅದಕ್ಕಿಂತ ಮುಖ್ಯ, ಬಸ್ಸಿನಲ್ಲಿ ಬಂದ ಮರಿಗೆ ಇಳಿದ ಕೂಡಲೇ ನೀರು, ಆಮೇಲೆ ನುಚ್ಚು ಸಿಗಬೇಕು. ಹೊಟ್ಟೆಗೆ ಆಹಾರ ಬೀಳುವುದು ತಡವಾದಷ್ಟೂ ಕರುಳಿನ ಕಾವಲು ಬೆಳೆಯುವುದೂ ತಡ.

ಕಡೆಗೆ ನಿಮ್ಮ ಲಸಿಕೆ ಪ್ರಶ್ನೆ. ಜೀರ್ಣವಾಗುವುದಿಲ್ಲ, ಹೆದರಬೇಡಿ. ನೀರಿಗೆ ಹಾಕುವ ಲಸೋಟಾ ಲಸಿಕೆಯಲ್ಲಿರುವುದು ಜೀವ ಇರುವ, ಆದರೆ ಸೌಮ್ಯವಾದ ವೈರಸ್. ಅದು ಬಾಯಿ, ಗಂಟಲು, ಶ್ವಾಸನಾಳದ ಮೇಲ್ಭಾಗ, ಕರುಳಿನ ಒಳಪದರಗಳಲ್ಲಿ ತಾನೇ ಬೆಳೆದು ಅಲ್ಲಿನ ಕಾವಲನ್ನು ಎಚ್ಚರಿಸುತ್ತದೆ. ಕಣ್ಣಿಗೆ ಹನಿ ಹಾಕಿದಾಗ ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿ ಎಚ್ಚೆತ್ತುಕೊಳ್ಳುತ್ತದೆ. ಮೂವತ್ತೇ ಮರಿಯಾದರೆ ಮೊದಲ ವಾರದ ಲಸಿಕೆಯನ್ನು ಹನಿಯಾಗಿಯೇ ಹಾಕಿ. ಪ್ರತಿ ಮರಿಗೂ ಸಿಕ್ಕಿತು ಅನ್ನುವ ಖಾತ್ರಿ ಇರುತ್ತದೆ.

ವೈರಸ್ ಜೀವಂತ ಇರಬೇಕು ಅನ್ನುವುದೇ ಇಲ್ಲಿನ ಗುಟ್ಟು. ಪಂಚಾಯಿತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ, ಅದು ವೈರಸ್ಸನ್ನು ಕೊಲ್ಲುತ್ತದೆ. ಅಬ್ಬಿ ನೀರು ಅಥವಾ ಬಾವಿ ನೀರು ಒಳ್ಳೆಯದು. ಲೀಟರಿಗೆ ಒಂದು ಚಮಚದಷ್ಟು ಕೆನೆ ತೆಗೆದ ಹಾಲಿನ ಪುಡಿ ಕದಡಿದರೆ ಇನ್ನೂ ಕ್ಷೇಮ. ತಾಮ್ರ, ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಸಾಕು. ಸೋಪಿನ ಜಿಡ್ಡೂ ಇರಬಾರದು. ಬೆಳಗ್ಗೆ ತಂಪಿನಲ್ಲಿ ಒಂದೆರಡು ಗಂಟೆ ನೀರು ಕೊಡದೆ ಇದ್ದು, ಆಮೇಲೆ ಒಂದೆರಡು ಗಂಟೆಯಲ್ಲಿ ಕುಡಿದು ಮುಗಿಸುವಷ್ಟೇ ಲಸಿಕೆ ನೀರು ಇಡಿ. ಬಟ್ಟಲು ಸಾಕಷ್ಟಿಲ್ಲದಿದ್ದರೆ ಬಲವಾದ ಮರಿಗಳೇ ಎಲ್ಲ ಕುಡಿದು ಪೀಚು ಮರಿಗಳು ಹಾಗೇ ಉಳಿಯುತ್ತವೆ. ಶೀಶೆಯನ್ನು ಅಂಗಡಿಯಿಂದ ಮನೆಗೆ ಐಸ್ ಹಾಕಿದ ಫ್ಲಾಸ್ಕಿನಲ್ಲೇ ತನ್ನಿ. ಕದಡಿ ಉಳಿದದ್ದನ್ನು ನಾಳೆಗೆ ಇಡಬೇಡಿ. ದೊಡ್ಡ ಶೀಶೆಯಾದರೆ ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಂಡು ಒಂದೇ ದಿನ ಹಾಕಿ. ಮಂದೆಗೆಲ್ಲ ಒಟ್ಟಿಗೆ ರಕ್ಷಣೆ ಸಿಗುವುದು ಇನ್ನೂ ಒಳ್ಳೆಯದು.

ನೀರಿನ ಲಸಿಕೆಯ ಬಲ ಬಹಳ ದಿನ ಉಳಿಯುವುದಿಲ್ಲ. ಎಂಟು ವಾರ ತುಂಬಿದ ಮೇಲೆ ಅದೇ ಕೊಕ್ಕರೆ ರೋಗಕ್ಕೆ ಆರ್2ಬಿ ಎಂಬ ಚುಚ್ಚುಮದ್ದು ಹಾಕಿಸಲೇಬೇಕು. ಎಂಟು ವಾರಕ್ಕೆ ಮುಂಚೆ ಅದನ್ನು ಹಾಕಿಸಬೇಡಿ. ಆ ತಳಿ ಸ್ವಲ್ಪ ಖಾರ, ಎಳೆಯ ಮರಿ ಅದರಿಂದಲೇ ಕಾಯಿಲೆ ಬೀಳಬಹುದು. ಚುಚ್ಚುವ ಒಂದು ವಾರ ಮುಂಚೆ ಜಂತುಹುಳದ ಔಷಧಿ ಕುಡಿಸಿರಿ.

ಮುಂದೆ ಮರಿ ಸತ್ತರೆ ನೀವೇ ಕೊಯ್ದು ಬಿಸಾಡಬೇಡಿ. ಆಗಷ್ಟೇ ಸತ್ತದ್ದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಜೊತೆ ಇಟ್ಟು, ಫ್ರೀಜರಿಗೆ ಹಾಕದೆ, ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ತಲುಪಿಸಿ. ಮರಿಯ ವಯಸ್ಸು, ಹಾಕಿದ ಲಸಿಕೆ ಮತ್ತು ದಿನಾಂಕ, ತಿನ್ನಿಸಿದ ಜೋಳ ಎಲ್ಲಿಂದ ಬಂತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಬರ್ಸಾವನ್ನೂ ಕೊಯ್ದು ನೋಡಿ ಅಂತ ಬಾಯಿಬಿಟ್ಟು ಕೇಳಿ.